ಬೆರಳಿನ ಹರಕೆಯಿಂದ ಖತ್ನಾದವರೆಗೆ: ಹೆಣ್ಣಿನ ದೇಹಛೇದನವನ್ನು ನಿಲ್ಲಿಸಿದ ಸಮುದಾಯಗಳೂ ಸಭೆ ಕಲಿಯಬೇಕಾದ ಪಾಠವೂ

1. ಪೀಠಿಕೆ

ಹಲಸೂರು ಕೆರೆಯ ಬಳಿಯ ಬಂಡೆಯ ಮೇಲೆ ನಿಂತಿರುವ ಪುಟ್ಟ ಗೋಪುರವನ್ನು ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳಲ್ಲಿ ಪೂರ್ವದಿಕ್ಕಿನದೆಂದು ಗುರುತಿಸಲಾಗುತ್ತದೆ. 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದ ಹಿರಿಯ ಕೆಂಪೇಗೌಡರ ಕಾರ್ಯಗಳನ್ನು ಹೇಳುವಾಗ, ಕೆರೆಕಟ್ಟೆ ದೇವಸ್ಥಾನಗಳ ಜೊತೆಗೆ ಒಂದು ಸಮಾಜ ಸುಧಾರಣೆಯನ್ನೂ ಸೇರಿಸುವುದು ವಾಡಿಕೆ. ಮೊರಸು ಒಕ್ಕಲಿಗರ ಒಂದು ಪಂಗಡದಲ್ಲಿ ಬಂಡಿದೇವರ ಆಚರಣೆಯ ಸಂದರ್ಭದಲ್ಲಿ ಹೆಣ್ಣುಮಕ್ಕಳ ಕೈಯ ಎರಡು ಬೆರಳುಗಳ ತುದಿಯನ್ನು ಕತ್ತರಿಸುತ್ತಿದ್ದ ಪದ್ಧತಿಯನ್ನು ಅವರು ನಿಷೇಧಿಸಿದರು ಎಂಬುದೇ ಆ ಸುಧಾರಣೆ. ಅದೇ ಕುಲದಲ್ಲಿ ಹುಟ್ಟಿದ ನಾಡಪ್ರಭು ತನ್ನ ಜನರ ಪದ್ಧತಿಯನ್ನೇ ತಡೆದರು ಎಂಬ ನೆನಪು ಗೌರವಕ್ಕೆ ಅರ್ಹವಾದದ್ದು.

ಆದರೆ ಅವರ ಕಾಲದಿಂದ ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯವರ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್, ಈ ಪದ್ಧತಿ ಇನ್ನೂ ನಡೆಯುತ್ತಿದ್ದುದನ್ನು ಬರೆದಿಟ್ಟರು. ಪ್ರಭು ನಿಷೇಧಿಸಿದ, ಪದ್ಧತಿ ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನ ಆರಂಭವಾಗುವ ಹೊತ್ತಿಗೆ ಮಾತ್ರ ಅದು ನಿಂತಿತ್ತು. ಹಾಗಾದರೆ ಅದನ್ನು ನಿಲ್ಲಿಸಿದ್ದು ಯಾವುದು?

ಈ ಪ್ರಶ್ನೆ ಪುರಾತನ ವಸ್ತುಶೋಧಕರಿಗೆ ಮಾತ್ರ ಸೇರಿದ್ದಲ್ಲ. ವೈದ್ಯಕೀಯ ಕಾರಣವಿಲ್ಲದೆ ಹೆಣ್ಣುಮಗುವಿನ ಜನನಾಂಗದ ಹೊರಭಾಗವನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಕತ್ತರಿಸುವ ಪದ್ಧತಿಗೆ ಒಳಗಾಗಿ ಇಂದು ಬದುಕಿರುವವರ ಸಂಖ್ಯೆ 23 ಕೋಟಿಗೂ ಹೆಚ್ಚು ಎಂದು ಯುನಿಸೆಫ್ 2024ರಲ್ಲಿ ಅಂದಾಜು ಮಾಡಿತು. ಆಫ್ರಿಕಾ, ಪಶ್ಚಿಮ ಏಷ್ಯಾ, ಇಂಡೊನೇಷ್ಯಾಗಳಲ್ಲಷ್ಟೇ ಅಲ್ಲದೆ ನಮ್ಮ ದೇಶದಲ್ಲಿಯೂ ಅದು ಇದೆ. ಮುಸ್ಲಿಮರಲ್ಲಿ ಇರುವಂತೆ ಈಜಿಪ್ಟ್, ಇಥಿಯೋಪಿಯಾಗಳ ಪ್ರಾಚೀನ ಕ್ರೈಸ್ತ ಸಮುದಾಯಗಳಲ್ಲಿಯೂ ಇದೆ. ಅದನ್ನು ನಿಲ್ಲಿಸಲು ಸಭೆ ಹಿಂದೆ ಮಾಡಿದ ಪ್ರಯತ್ನಗಳಲ್ಲಿ ಒಂದು, ಸದುದ್ದೇಶದಿಂದ ಹೊರಟು, ಸಭೆಯನ್ನೇ ಒಡೆಯಿತು. ಆದಕಾರಣ ನಮ್ಮ ನೆಲದ ಬೆರಳಿನ ಹರಕೆಯ ಕಥೆಯನ್ನು ಪೂರ್ವ ಆಫ್ರಿಕಾದ ಆ ಅನುಭವದ ಪಕ್ಕದಲ್ಲಿಟ್ಟು, ಎರಡರಿಂದಲೂ ಇಂದಿನ ಸಭಾಪಾಲಕರಿಗೆ ದೊರೆಯುವ ತಿಳಿವಳಿಕೆ ಏನೆಂದು ವಿಚಾರಿಸುವುದು ಈ ಲೇಖನದ ಉದ್ದೇಶ.

2. ಪೂರ್ವದ ದಾರಿಯಲ್ಲಿ

1809ರಲ್ಲಿ ಬ್ರಿಟಿಷರ ದಂಡು ಹಲಸೂರಿನ ಸುತ್ತ ನೆಲೆಯೂರಿತು. ಅಲ್ಲಿಂದ ಹೊರಡುವ ಹಳೆ ಮದ್ರಾಸ್ ರಸ್ತೆ ಇಂದಿನ ಇಂದಿರಾನಗರದ ಅಂಚನ್ನು ಹಾದು, ಕೆ.ಆರ್. ಪುರ, ಹೊಸಕೋಟೆಗಳನ್ನು ದಾಟಿ ಕೋಲಾರ ಸೇರುತ್ತದೆ. ಈ ದಾರಿಯ ಎರಡೂ ಬದಿಯ ನಾಡು, ಉತ್ತರಕ್ಕೆ ದೇವನಹಳ್ಳಿಯವರೆಗೆ, ಹಳೆಯ ಮೊರಸುನಾಡಿಗೆ ಸೇರಿದ್ದು. ಬೆರಳಿನ ಹರಕೆಗೆ ಸಂಬಂಧಿಸಿದ ಭೈರವನ ಸನ್ನಿಧಿಯೆಂದು ದಾಖಲೆಗಳು ಹೆಸರಿಸುವ ಸೀತಿಬೆಟ್ಟವೂ ಕೋಲಾರದ ಸಮೀಪದಲ್ಲಿಯೇ ಇದೆ.

ದಾಖಲೆಗಳು ಹಲವು. ಬುಕಾನನ್ನರ ಪ್ರವಾಸಕಥನ 1807ರಲ್ಲಿ ಅಚ್ಚಾಯಿತು. 1803ರಿಂದ 1808ರವರೆಗೆ ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ತಮ್ಮ ಮೈಸೂರು ಚರಿತ್ರೆಯಲ್ಲಿ ಇದನ್ನು ವಿವರಿಸಿದ್ದಾರೆ. ಮೈಸೂರು ಸೀಮೆಯಲ್ಲಿ ದುಡಿದ ಫ್ರೆಂಚ್ ಮಿಷನರಿ ಅಬ್ಬೆ ದುಬುವಾ ಕೂಡ ಇದನ್ನು ಉಲ್ಲೇಖಿಸಿದ್ದಾರೆ. ಮುಂದೆ, ಬೆಂಗಳೂರಿನಲ್ಲಿ ಸೇವೆಮಾಡಿದ ಲಂಡನ್ ಮಿಷನ್ನಿನ ಬೆಂಜಮಿನ್ ರೈಸರ ಮಗ, 1837ರಲ್ಲಿ ಇದೇ ಊರಿನಲ್ಲಿ ಜನಿಸಿದ ಬಿ.ಎಲ್. ರೈಸ್ ಮೈಸೂರು ಗೆಜೆಟಿಯರಿನಲ್ಲಿ ಇದನ್ನು ಸೇರಿಸಿದರು. ಎಡ್ಗರ್ ಥರ್ಸ್ಟನ್ 1909ರ ತಮ್ಮ ಸಂಪುಟಗಳಲ್ಲಿ ಹಿಂದಿನ ಬರಹಗಳನ್ನು ಒಟ್ಟುಗೂಡಿಸಿದರು.

ವಿವರಗಳಲ್ಲಿ ಭೇದವಿದೆ. ಯಾವ ಕೈ, ಯಾವ ಬೆರಳು, ಮದುವೆಗೆ ಮುಂಚೆಯೋ ಮಗುವಾದ ಮೇಲೋ ಎಂಬ ವಿಷಯದಲ್ಲಿ ಎಲ್ಲರೂ ಒಂದೇ ಮಾತನ್ನು ಹೇಳುವುದಿಲ್ಲ. ಬುಕಾನನ್ನರ ಪ್ರಕಾರ, ಕೆಲವು ಮಕ್ಕಳನ್ನು ಹೆತ್ತ ಎಳೆಯ ತಾಯಿ, ದೇವರು ಮುನಿದು ಮಕ್ಕಳನ್ನು ಕಿತ್ತುಕೊಂಡಾನೆಂಬ ಭಯದಿಂದ ಗುಡಿಗೆ ಹೋಗಿ ಬೆರಳನ್ನು ಒಪ್ಪಿಸುತ್ತಿದ್ದಳು. ಇತರ ವರ್ಣನೆಗಳ ಪ್ರಕಾರ, ಹಿರಿಯ ಮಗಳ ಕಿವಿ ಚುಚ್ಚುವ ಮೊದಲು ತಾಯಿ ತನ್ನ ಉಂಗುರಬೆರಳು ಕಿರುಬೆರಳುಗಳ ಮೊದಲ ಗೆಣ್ಣನ್ನು ಕೊಡಬೇಕಾಗಿತ್ತು. ಬೆರಳನ್ನು ಮರದ ಕೊರಡಿನ ಮೇಲಿರಿಸಿ ಉಳಿಯಿಂದ ಕತ್ತರಿಸುವವನು ಊರಿನ ಕಮ್ಮಾರ. ವಧುವಿಗೆ ತಾಯಿಯಿಲ್ಲದಿದ್ದರೆ ವರನ ತಾಯಿಯೇ ಆ ಋಣವನ್ನು ತೀರಿಸಬೇಕಾಗಿತ್ತು. ಅಂದರೆ ಮಗಳು ಕುಲದಲ್ಲಿ ಮದುವೆಗೆ ಅರ್ಹಳೆನಿಸಬೇಕಾದರೆ ಯಾವಳಾದರೊಬ್ಬ ಹೆಂಗಸು ತನ್ನ ದೇಹದ ಒಂದು ಭಾಗವನ್ನು ತೆರಲೇಬೇಕಿತ್ತು. ಇಂಥ ಕುಟುಂಬಗಳನ್ನು ‘ಬೆರಳು ಕೊಡುವವರು’ ಎಂದೇ ಗುರುತಿಸಲಾಗುತ್ತಿತ್ತು. ಇದು ಮೊರಸು ಒಕ್ಕಲಿಗರಲ್ಲಿ ಒಂದು ಪಂಗಡದ ಆಚರಣೆಯಾಗಿತ್ತೇ ಹೊರತು ಇಡೀ ಜಾತಿಯದಲ್ಲ ಎಂಬುದನ್ನು ಮರೆಯಬಾರದು.

ಪದ್ಧತಿಗೆ ಆಧಾರವಾಗಿ ಹೇಳುತ್ತಿದ್ದ ಕಥೆ ಇನ್ನೂ ಗಮನಾರ್ಹ. ತಾನು ಕೈಯಿಟ್ಟದ್ದೆಲ್ಲ ಬೂದಿಯಾಗುವ ವರವನ್ನು ಪಡೆದ ರಕ್ಕಸನು ವರಕೊಟ್ಟ ಶಿವನನ್ನೇ ಅಟ್ಟಿಸಿಕೊಂಡು ಬಂದ. ಶಿವನು ಒಂದು ಹೊಲದಲ್ಲಿ ಅಡಗಿದ. ರಕ್ಕಸನು ಕೇಳಿದಾಗ ಅಲ್ಲಿ ಉಳುತ್ತಿದ್ದ ಒಕ್ಕಲಿಗನು ಬಾಯಲ್ಲಿ ತಿಳಿಯದೆಂದು ಹೇಳಿ, ಕಿರುಬೆರಳಿನಿಂದ ಜಾಗವನ್ನು ತೋರಿಸಿಬಿಟ್ಟ. ವಿಷ್ಣುವು ಮೋಹಿನಿಯಾಗಿ ಬಂದು ರಕ್ಕಸನನ್ನು ಕೊಂದ ಮೇಲೆ ಶಿವನು ಒಕ್ಕಲಿಗನ ಬೆರಳನ್ನು ಕೇಳಿದ. ಬುತ್ತಿ ಹೊತ್ತು ತಂದಿದ್ದ ಹೆಂಡತಿ ಅಡ್ಡಬಂದು, ಗಂಡನ ಬೆರಳು ಹೋದರೆ ಬೇಸಾಯ ಕೆಡುತ್ತದೆ, ಅದರ ಬದಲು ತನ್ನ ಎರಡು ಬೆರಳನ್ನು ತೆಗೆದುಕೊಳ್ಳಬೇಕೆಂದು ಬೇಡಿದಳು. ಶಿವನು ಒಪ್ಪಿದ. ಅಂದಿನಿಂದ ಅವಳ ಸಂತತಿಯ ಹೆಂಗಸರೆಲ್ಲ ಎರಡು ಬೆರಳನ್ನು ಕೊಡುವ ಕಟ್ಟಳೆಯಾಯಿತು.

ಈ ಕಥೆ ದೇವರ ವಿಷಯಕ್ಕಿಂತ ಹೆಚ್ಚಾಗಿ ಸಮಾಜದ ವಿಷಯವನ್ನು ಹೇಳುತ್ತದೆ. ತಪ್ಪು ಗಂಡನದು; ಕೊಟ್ಟವಳು ಹೆಂಡತಿ. ಉಳುವ ಕೈಗೆ ಬೆಲೆಯಿದೆ. ನಾಟಿಮಾಡುವ, ಕಳೆ ಕೀಳುವ, ಬುತ್ತಿ ಕಟ್ಟುವ ಕೈಗೆ ಅಷ್ಟು ಬೆಲೆಯಿಲ್ಲ. ಅವಳ ಪ್ರೀತಿಯ ತ್ಯಾಗ ಒಮ್ಮೆ ನಡೆದದ್ದು. ಆದರೆ ಅದು ಹೆಣ್ಣುಮಕ್ಕಳ ಮೇಲಿನ ತೆರಿಗೆಯಾಗಿ ತಲೆಮಾರುಗಳವರೆಗೆ ಮುಂದುವರಿಯಿತು. ಕ್ರೈಸ್ತ ಓದುಗನಿಗೆ ಇಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ ಹತ್ತನೆಯ ಅಧ್ಯಾಯ ನೆನಪಾಗದಿರದು. ಒಂದೇ ಸಾರಿ ಸಮರ್ಪಿತವಾದ ಯಜ್ಞದ ಬಳಿಕ ಮತ್ತೆ ಯಾರ ರಕ್ತವನ್ನೂ ಕೇಳಲಾಗದೆಂಬುದು ಆ ಅಧ್ಯಾಯದ ವಾದ. ಆದರೂ ತ್ಯಾಗವನ್ನು ಹೆಂಗಸಿನ ಹುಟ್ಟುಗುಣವೆಂದು ಹೊಗಳಿ, ಅದನ್ನೇ ಅವಳ ಕರ್ತವ್ಯವನ್ನಾಗಿ ಮಾಡುವ ಅಭ್ಯಾಸ ನಮ್ಮ ಪ್ರಸಂಗಪೀಠಗಳಿಗೂ ಅಪರಿಚಿತವಲ್ಲ.

ಇನ್ನೊಂದು ಮಾತು. ಈ ಪದ್ಧತಿಯನ್ನು ಬರೆದಿಟ್ಟ ವೈದ್ಯರು, ಅಧಿಕಾರಿಗಳು, ಪಾದ್ರಿಗಳು ಎಲ್ಲರೂ ಗಂಡಸರು. ಕಥೆಯಲ್ಲಿ ಬರುವ ಹೆಂಡತಿಗೆ ಮಾತಿದೆ. ದಾಖಲೆಯಲ್ಲಿರುವ ತಾಯಂದಿರಿಗೆ ಮಾತಿಲ್ಲ.

3. ಆಜ್ಞೆಯೂ ಬದಲಿಯೂ

ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಸರ್ಕಾರ ಬೆರಳು ಕತ್ತರಿಸುವುದನ್ನು ನಿಷೇಧಿಸಿತು. ಆದರೆ ನಿಷೇಧದ ನಂತರ ನಡೆದ ಸಂಗತಿಯನ್ನು ಜನಾಂಗ ವರ್ಣನೆಕಾರರು ಹೆಚ್ಚು ಕುತೂಹಲದಿಂದ ಬರೆದಿದ್ದಾರೆ. ಹರಕೆ ನಿಲ್ಲಲಿಲ್ಲ. ಹೆಂಗಸರು ಬೆರಳಿಗೆ ಚಿನ್ನದ ಅಥವಾ ಬೆಳ್ಳಿಯ ಕವಚವನ್ನು ತೊಡಿಸಿ, ಕತ್ತರಿಸುವ ಗಳಿಗೆಯಲ್ಲಿ ಬೆರಳಿನ ಬದಲು ಆ ಕವಚವನ್ನು ಕಳಚಿ ಒಪ್ಪಿಸತೊಡಗಿದರು. ಉಳಿಯಿಂದ ಕತ್ತರಿಸುವ ಕ್ರಿಯೆ ಅಭಿನಯವಾಗಿ ಉಳಿಯಿತು; ಕೈ ಊನವಾಗುವುದು ನಿಂತಿತು.

ಅರಸನ ಆಜ್ಞೆಗೂ ಈ ಬದಲಿಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಕೆಂಪೇಗೌಡರ ನಿಷೇಧವನ್ನು ಜನರ ನೆನಪು ಕಾಪಾಡಿಕೊಂಡಿತು, ಆದರೆ ತಾಯಂದಿರ ಭಯವನ್ನು ಅದು ನೀಗಲಿಲ್ಲ. ಹರಕೆ ತೀರಿಸದಿದ್ದರೆ ಮಗು ಉಳಿಯದು, ಮಗಳ ಮದುವೆ ಕೂಡಿಬರದು ಎಂಬ ಅಂಜಿಕೆಗೆ ನಿಷೇಧದಲ್ಲಿ ಉತ್ತರವಿರಲಿಲ್ಲ. ಬೆಳ್ಳಿಯ ಕವಚವು ಆ ಉತ್ತರವನ್ನು ಒದಗಿಸಿತು. ದೇವರ ಮುಂದೆ ಋಣ ತೀರಿದೆ, ಕುಲದ ಮುಂದೆ ಮರ್ಯಾದೆ ಉಳಿದಿದೆ, ಮಗಳಿಗೆ ಮದುವೆಯ ಬಾಗಿಲು ತೆರೆದಿದೆ ಎಂಬ ಧೈರ್ಯ ಸಿಕ್ಕಿತು. ಕಾನೂನಿನ ಒತ್ತಡವಿಲ್ಲದೆ ಇದು ಆಗುತ್ತಿತ್ತೇ ಎಂದು ಕೇಳಿದರೆ, ಬಹುಶಃ ಆಗುತ್ತಿರಲಿಲ್ಲ. ಕಾನೂನೊಂದರಿಂದಲೇ ಆಗುತ್ತಿತ್ತೇ ಎಂದರೆ, ಹಿಂದಿನ ಶತಮಾನಗಳ ಅನುಭವ ಹಾಗೆ ಹೇಳುವುದಿಲ್ಲ. ಸರ್ಕಾರ ಬೇಡವೆಂದು ಹೇಳಿತು. ಬೇಡವಾದದ್ದರ ಜಾಗದಲ್ಲಿ ಏನಿರಬೇಕೆಂಬುದನ್ನು ಆ ಮನೆತನಗಳೇ ಕಂಡುಕೊಂಡವು.

4. ಕಿಕುಯು ನಾಡು, 1929

ಬೆಳ್ಳಿಯ ಕವಚದಂತಹ ಬದಲಿ ಸಿಗದೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ಸಭೆಯ ಚರಿತ್ರೆಯಲ್ಲಿಯೇ ನಿದರ್ಶನವಿದೆ. ಕೀನ್ಯಾದ ಕಿಕುಯು ಜನರಲ್ಲಿ ‘ಇರುವಾ’ ಎಂಬ ದೀಕ್ಷಾಕ್ರಮವು ಹುಡುಗ ಹುಡುಗಿಯರಿಬ್ಬರಿಗೂ ಇತ್ತು. ಹುಡುಗಿಯರಿಗೆ ಅದು ಜನನಾಂಗ ಛೇದನವನ್ನು ಒಳಗೊಂಡಿತ್ತು. ವಯಸ್ಕರ ಗುಂಪಿಗೆ ಸೇರುವುದು, ಮದುವೆಯಾಗುವುದು, ಕುಲದವಳೆನಿಸಿಕೊಳ್ಳುವುದು ಎಲ್ಲವೂ ಅದರ ಮೂಲಕ. ಸ್ಕಾಟ್ಲೆಂಡಿನ ಸಭೆಯ ಮಿಷನ್ನಿನ ವೈದ್ಯರು ಹೆರಿಗೆಯ ಹೊತ್ತಿನಲ್ಲಿ ಅದರ ಪರಿಣಾಮಗಳನ್ನು ಕಣ್ಣಾರೆ ಕಂಡಿದ್ದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದಲೇ ಅವರು ಅದರ ವಿರುದ್ಧ ಬೋಧಿಸುತ್ತಿದ್ದರು. ಅವರ ಕಾಳಜಿ ಸತ್ಯವಾದದ್ದು ಎಂಬುದರಲ್ಲಿ ಸಂಶಯವಿಲ್ಲ.

1929ರ ಮಾರ್ಚಿಯಲ್ಲಿ ಟುಮುಟುಮುವಿನಲ್ಲಿ ಸೇರಿದ ಸಭೆಯು, ಈ ಪದ್ಧತಿಯನ್ನು ಬಿಡದವರನ್ನು ಶಿಸ್ತುಕ್ರಮಕ್ಕೆ ಗುರಿಮಾಡಬೇಕೆಂದು ತೀರ್ಮಾನಿಸಿತು. ಅದೇ ವರ್ಷ ವೈದ್ಯ ಮಿಷನರಿ ಜಾನ್ ಆರ್ಥರ್ ಸದಸ್ಯರಿಂದ ಪ್ರತಿಜ್ಞೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕ್ರಮವನ್ನು ಜಾರಿಗೆ ತಂದರು. ಅದನ್ನು ಜನರು ‘ಕಿರೋರೆ’ ಎಂದು ಕರೆದರು. ಆ ಪ್ರತಿಜ್ಞೆಯಲ್ಲಿ ಪದ್ಧತಿಯನ್ನು ತ್ಯಜಿಸುವ ಮಾತಿನ ಜೊತೆಗೆ ಕಿಕುಯು ಸೆಂಟ್ರಲ್ ಅಸೋಸಿಯೇಷನ್ ಎಂಬ ರಾಜಕೀಯ ಸಂಘದ ಸದಸ್ಯತ್ವವನ್ನು ತ್ಯಜಿಸುವ ಮಾತೂ ಸೇರಿತ್ತು. ಬಿಳಿಯರು ಜಮೀನು ಕಿತ್ತುಕೊಂಡಿದ್ದ ನಾಡಿನಲ್ಲಿ, ವಸಾಹತು ಸರ್ಕಾರದ ಕಾರ್ಯಕಾರಿ ಮಂಡಲಿಯಲ್ಲಿದ್ದ ಪಾದ್ರಿಯೊಬ್ಬರು ಹೆಬ್ಬೆಟ್ಟು ಕೇಳಿದರೆ ಅದು ಹುಡುಗಿಯರ ಮೇಲಿನ ಕರುಣೆಯೆಂದು ಜನರು ನಂಬಲಿಲ್ಲ. ಸಭೆಗಳೂ ಶಾಲೆಗಳೂ ಬರಿದಾದವು. ಮಿಷನರಿಗಳನ್ನು ಹಂಗಿಸುವ ‘ಮುಥಿರಿಗು’ ಎಂಬ ಹಾಡುಕುಣಿತ ಹಬ್ಬಿ, 1930ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಅದೇ ವರ್ಷದ ಜನವರಿಯ ಆರಂಭದಲ್ಲಿ ಕಿಜಾಬೆಯ ಮಿಷನರಿ ಹುಲ್ಡಾ ಸ್ಟಂಫ್ ಕೊಲೆಯಾದರು. ಮಿಷನ್ನಿನ ಹಿಡಿತದಿಂದ ಹೊರಗೆ ಸ್ವತಂತ್ರ ಶಾಲೆಗಳೂ ಸ್ವತಂತ್ರ ಸಭೆಗಳೂ ಹುಟ್ಟಿದವು. 1938ರಲ್ಲಿ ಜೋಮೊ ಕೆನ್ಯಾಟ್ಟಾ ತಮ್ಮ ಗ್ರಂಥದಲ್ಲಿ ಈ ಪದ್ಧತಿಯನ್ನು ಕಿಕುಯು ಜೀವನದ ತಿರುಳೆಂದು ಸಮರ್ಥಿಸಿದರು. ಹೆಣ್ಣುಮಗುವಿನ ದೇಹವು ಜನಾಂಗದ ಸ್ವಾತಂತ್ರ್ಯದ ಬಾವುಟವಾಯಿತು.

ಈ ಗದ್ದಲದ ಮಧ್ಯೆ ಸಾಮಾನ್ಯವಾಗಿ ಮರೆಯುವ ಸಂಗತಿಯೊಂದಿದೆ. ಮಿಷನ್ ಪ್ರದೇಶದ ಕಿಕುಯು ಕ್ರೈಸ್ತ ಹೆಂಗಸರು ‘ಹುಡುಗಿಯರ ಗುರಾಣಿ’ ಎಂಬ ಅರ್ಥದ ಹೆಸರಿನ ಗುಂಪನ್ನು ಕಟ್ಟಿಕೊಂಡು, 1931ರಲ್ಲಿ ಸ್ಥಳೀಯ ಮಂಡಲಿಗೆ ಮನವಿ ಸಲ್ಲಿಸಿ, ಬೇಡವೆನ್ನುವ ಹುಡುಗಿಯನ್ನು ಬಲವಂತಪಡಿಸದಂತೆ ಕೇಳಿಕೊಂಡರು. ಪಾದ್ರಿಗೂ ಸಂಘಕ್ಕೂ ನಡೆದ ಹೋರಾಟವನ್ನು ಚರಿತ್ರೆ ದಪ್ಪಕ್ಷರದಲ್ಲಿ ಬರೆದಿದೆ. ಹುಡುಗಿಯರ ಪಕ್ಕದಲ್ಲಿ ನಿಂತ ಈ ಹೆಂಗಸರಿಗೆ ಅದರಲ್ಲಿ ಸಿಕ್ಕಿದ್ದು ಅಡಿಟಿಪ್ಪಣಿಯಷ್ಟೇ ಜಾಗ.

ಕಾಲು ಶತಮಾನದ ಬಳಿಕ ಪಕ್ಕದ ಮೇರು ಸೀಮೆಯಲ್ಲಿ ಅದೇ ಪಾಠ ಮರುಕಳಿಸಿತು. 1956ರಲ್ಲಿ ನ್ಜುರಿ ನ್ಚೆಕೆ ಎಂಬ ಹಿರಿಯರ ಮಂಡಲಿ ವಸಾಹತು ಅಧಿಕಾರಿಗಳ ಬೆಂಬಲದಿಂದ ಪದ್ಧತಿಯನ್ನು ನಿಷೇಧಿಸಿತು. ಅದಕ್ಕೆ ಪ್ರತಿಯಾಗಿ ಹುಡುಗಿಯರು ತಾವೇ ಗುಂಪುಗೂಡಿ ಒಬ್ಬರಿಗೊಬ್ಬರು ಕತ್ತರಿಸಿಕೊಂಡರು. ಮುಂದಿನ ಮೂರು ವರ್ಷಗಳಲ್ಲಿ 2,400ಕ್ಕೂ ಹೆಚ್ಚು ಜನರ ಮೇಲೆ ಮೊಕದ್ದಮೆಗಳಾದವು. ಕತ್ತಿಯಿಂದ ತಪ್ಪಿಸಬೇಕಾದವರ ಕೈಗೇ ನಿಷೇಧವು ಕತ್ತಿಯನ್ನು ಕೊಟ್ಟಂತಾಯಿತು.

ನಾಗರಿಕ ದೇಶಗಳು ಅನಾಗರಿಕರನ್ನು ತಿದ್ದಲು ಹೊರಟ ಕಥೆ ಇದೆಂದು ಯಾರೂ ತಿಳಿಯಬಾರದು. 1860ರ ದಶಕದಲ್ಲಿ ಲಂಡನ್ನಿನ ಶಸ್ತ್ರವೈದ್ಯ ಐಸಾಕ್ ಬೇಕರ್ ಬ್ರೌನ್ ಮಾನಸಿಕ ವ್ಯಾಧಿಗಳ ಚಿಕಿತ್ಸೆಯೆಂದು ಹೆಂಗಸರಿಗೆ ಇಂಥದೇ ಛೇದನವನ್ನು ಮಾಡುತ್ತಿದ್ದರು. ಅವರನ್ನು ವೈದ್ಯಸಂಘ ಹೊರಹಾಕಿದ್ದು 1867ರಲ್ಲಿ.

5. ಪ್ರತಿಜ್ಞೆಯ ದಾರಿ

ಹೆಬ್ಬೆಟ್ಟಿನ ಪ್ರತಿಜ್ಞೆ ಸೋತಿತೆಂದ ಮಾತ್ರಕ್ಕೆ ಪ್ರತಿಜ್ಞೆಯೇ ವ್ಯರ್ಥವೆಂದಾಗದು. ಬೆಂಗಳೂರಿನಲ್ಲಿ ರೈಸರನ್ನು ನೇಮಿಸಿದ ಲಂಡನ್ ಮಿಷನ್ನಿಗೇ ಸೇರಿದ ಜಾನ್ ಮೆಕ್‌ಗೋವನ್, ಚೀನದ ಶಿಯಾಮೆನ್ ಪಟ್ಟಣದಲ್ಲಿ 1870ರ ದಶಕದಲ್ಲಿ ಹೆಣ್ಣುಮಕ್ಕಳ ಪಾದ ಕಟ್ಟುವ ಪದ್ಧತಿಯ ವಿರುದ್ಧ ಒಂದು ಸಂಘವನ್ನು ಆರಂಭಿಸಿದರು. ಅದಕ್ಕೆ ಸೇರಿದವರು ಹೆಂಗಸರು. ತಮ್ಮ ಹೆಣ್ಣುಮಕ್ಕಳ ಪಾದವನ್ನು ಕಟ್ಟುವುದಿಲ್ಲವೆಂದು ಅವರು ಪರಸ್ಪರ ಮಾತು ಕೊಟ್ಟರು. ಮುಂದೆ ಚೀನೀ ಸುಧಾರಕರೇ ಈ ಮಾದರಿಯನ್ನು ಕೈಗೆತ್ತಿಕೊಂಡು, ಪಾದ ಕಟ್ಟಿದ ಹುಡುಗಿಯನ್ನು ತಮ್ಮ ಗಂಡುಮಕ್ಕಳಿಗೆ ತಂದುಕೊಳ್ಳುವುದಿಲ್ಲವೆಂಬ ಪ್ರತಿಜ್ಞೆಯನ್ನೂ ಅದಕ್ಕೆ ಕೂಡಿಸಿದರು. ಒಂದು ಮನೆಯವರು ಮಾತ್ರ ಪದ್ಧತಿಯನ್ನು ಬಿಟ್ಟರೆ ಅವರ ಮಗಳಿಗೆ ವರ ಸಿಗುವುದಿಲ್ಲ. ಹಲವು ಮನೆಯವರು ಒಟ್ಟಿಗೆ ಬಿಟ್ಟರೆ ಆ ಭಯವೇ ಇಲ್ಲವಾಗುತ್ತದೆ. ಜೆರ್ರಿ ಮ್ಯಾಕಿ ಎಂಬ ವಿದ್ವಾಂಸರು 1996ರಲ್ಲಿ ಪಾದಬಂಧನವನ್ನೂ ಜನನಾಂಗ ಛೇದನವನ್ನೂ ಹೋಲಿಸಿ ಈ ತರ್ಕವನ್ನು ವಿಶದಪಡಿಸಿದರು.

ಮರುವರ್ಷವೇ ಪಶ್ಚಿಮ ಆಫ್ರಿಕಾದ ಸೆನೆಗಲ್ ಅದಕ್ಕೆ ಸಾಕ್ಷಿ ನೀಡಿತು. ತೋಸ್ತಾನ್ ಎಂಬ ಸಂಸ್ಥೆಯ ಶಿಕ್ಷಣವರ್ಗಗಳಲ್ಲಿ ಆರೋಗ್ಯ ಮತ್ತು ಹಕ್ಕುಗಳನ್ನು ಕುರಿತು ಕಲಿತ ಮಾಲಿಕುಂಡಾ ಬಂಬಾರಾ ಗ್ರಾಮದ ಹೆಂಗಸರು 1997ರ ಜುಲೈ 31ರಂದು ಪದ್ಧತಿಯನ್ನು ಬಿಟ್ಟೆವೆಂದು ಬಹಿರಂಗವಾಗಿ ಸಾರಿದರು. ನೆರೆಯ ಹಳ್ಳಿಯ ಇಮಾಮರಾದ ದೆಂಬಾ ಜವಾರಾ, ನಮ್ಮ ಮದುವೆ ಸಂಬಂಧಗಳು ಹಲವು ಊರುಗಳಲ್ಲಿ ಹರಡಿರುವಾಗ ಒಂದೂರು ಮಾತ್ರ ಬಿಟ್ಟರೆ ಪ್ರಯೋಜನವಿಲ್ಲವೆಂದು ಅರಿತು, ಬಂಧುಗಳ ಊರೂರಿಗೆ ಕಾಲ್ನಡಿಗೆಯಲ್ಲಿ ಹೋಗಿ ಮಾತನಾಡಿದರು. 1998ರ ಫೆಬ್ರವರಿಯಲ್ಲಿ 13 ಹಳ್ಳಿಗಳು ಒಟ್ಟಾಗಿ ಘೋಷಣೆ ಮಾಡಿದವು.

ಕೀನ್ಯಾದಲ್ಲಿಯೂ ಕೊನೆಗೆ ಬೆಳ್ಳಿಯ ಕವಚದಂತಹ ಒಂದು ಮಾರ್ಗ ತೆರೆಯಿತು. 1996ರಲ್ಲಿ ಥರಾಕಾ ಸೀಮೆಯಲ್ಲಿ ಕೀನ್ಯಾದ ಮಹಿಳಾ ಸಂಘಟನೆಯ ನೆರವಿನಿಂದ ಸುಮಾರು 30 ಕುಟುಂಬಗಳು ತಮ್ಮ ಹೆಣ್ಣುಮಕ್ಕಳಿಗೆ ‘ಮಾತಿನ ಮೂಲಕ ಸುನ್ನತಿ’ ಎಂಬ ಅರ್ಥದ ಹೊಸ ದೀಕ್ಷೆಯನ್ನು ನಡೆಸಿದವು. ಹುಡುಗಿಯರನ್ನು ಪ್ರತ್ಯೇಕವಾಗಿರಿಸುವುದು, ಹಿರಿಯ ಹೆಂಗಸರ ಉಪದೇಶ, ಉಡುಗೊರೆ, ಊರಿನ ಹಬ್ಬ ಎಲ್ಲವೂ ಇತ್ತು. ಕತ್ತಿ ಮಾತ್ರ ಇರಲಿಲ್ಲ.

ಆದರೂ ಬದಲಿಯೆಂಬ ಹೆಸರಿನಲ್ಲಿ ಬರುವುದೆಲ್ಲವೂ ನಿರ್ದೋಷವಲ್ಲ. 2010ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ದೊಡ್ಡ ಹಾನಿಯನ್ನು ತಪ್ಪಿಸಲು ವೈದ್ಯರೇ ಸಾಂಕೇತಿಕವಾಗಿ ಸಣ್ಣ ಗೀರು ಹಾಕುವುದನ್ನು ಪರಿಶೀಲಿಸಬಹುದೆಂಬ ಸಲಹೆಯನ್ನು ಪ್ರಕಟಿಸಿ, ಕೆಲವೇ ವಾರಗಳಲ್ಲಿ ಹಿಂತೆಗೆದುಕೊಂಡಿತು. ಬೆಳ್ಳಿಯ ಕವಚಕ್ಕೂ ವೈದ್ಯರ ಗೀರಿಗೂ ಇರುವ ಭೇದ ಸ್ಪಷ್ಟ. ಮೊದಲನೆಯದರಲ್ಲಿ ಹೆಂಗಸು ಗುಡಿಯಿಂದ ಇಡಿಯಾದ ಕೈಯೊಂದಿಗೆ ಮರಳುತ್ತಾಳೆ. ಎರಡನೆಯದರಲ್ಲಿ ಗಾಯ ಚಿಕ್ಕದಾಗುತ್ತದೆ, ಆದರೆ ಮಗುವಿನ ದೇಹ ಇತರರ ಸೊತ್ತೆಂಬ ಭಾವನೆ ಹಾಗೆಯೇ ಉಳಿಯುತ್ತದೆ.

6. ನೆರೆಯವರಾದ ಸೋದರಿಯರು

ಭಾರತದಲ್ಲಿ ಈ ಪದ್ಧತಿಯ ಚರ್ಚೆ ಮುಖ್ಯವಾಗಿ ದಾವೂದಿ ಬೋಹ್ರಾ ಸಮುದಾಯಕ್ಕೆ ಸಂಬಂಧಿಸಿದ್ದು. ಶಿಯಾ ಪಂಥಕ್ಕೆ ಸೇರಿದ ಈ ವರ್ತಕ ಸಮುದಾಯದ ಮೂಲ ಗುಜರಾತ್. ಬೆಂಗಳೂರಿನಲ್ಲಿಯೂ ಅವರ ಕುಟುಂಬಗಳು ನೆಲೆಸಿವೆ. ಹೆಣ್ಣುಮಗುವಿಗೆ ಸುಮಾರು ಏಳು ವರ್ಷವಾದಾಗ ಮಾಡಿಸುವ ‘ಖತ್ನಾ’ ಮನೆಯ ಹೆಂಗಸರ ನಡುವೆಯೇ ಗುಟ್ಟಾಗಿ ನಡೆಯುತ್ತದೆ. ಶಿವಾಜಿನಗರದ ಸುತ್ತಮುತ್ತ ಬಾಳುವ ಬಹುಸಂಖ್ಯಾತ ಮುಸ್ಲಿಮರಲ್ಲಿ ಈ ಪದ್ಧತಿಯಿಲ್ಲ. ಒಂದು ಸಮುದಾಯದ ವಿಷಯವನ್ನು ಒಂದು ಧರ್ಮದ ಮೇಲೆಲ್ಲ ಹೊರಿಸುವುದು ಸುಳ್ಳುಸಾಕ್ಷಿಯಾಗುತ್ತದೆ.

ಇಲ್ಲಿ ಮೌನವನ್ನು ಮುರಿದವರು ಒಳಗಿನವರೇ. 1991ರಲ್ಲಿ ರೆಹಾನಾ ಘಡಿಯಾಲಿ ‘ಮಾನುಷಿ’ ಪತ್ರಿಕೆಯಲ್ಲಿ ಈ ಬಗ್ಗೆ ಬರೆದರು. 2011ರಲ್ಲಿ ಬೋಹ್ರಾ ಹೆಂಗಸೊಬ್ಬರು ಹೆಸರು ಮರೆಸಿಕೊಂಡು ಧರ್ಮಗುರುಗಳಾದ ಸೈಯದ್ನಾ ಅವರಿಗೆ ಬಹಿರಂಗ ಮನವಿಯನ್ನು ಸಲ್ಲಿಸಿದರು. ಪ್ರಿಯಾ ಗೋಸ್ವಾಮಿಯವರ ಸಾಕ್ಷ್ಯಚಿತ್ರ 2012ರಲ್ಲಿ ಹೊರಬಂದಿತು. 2015ರಲ್ಲಿ ‘ಸಹಿಯೋ’ ಸಂಸ್ಥೆ ಆರಂಭವಾಯಿತು. ಅದೇ ವರ್ಷ ಮಾಸೂಮಾ ರಾನಾಲ್ವಿ ಮತ್ತವರ ಸಂಗಾತಿಗಳು ತಮ್ಮ ನಿಜವಾದ ಹೆಸರುಗಳಲ್ಲಿಯೇ ಮುಂದೆ ಬಂದರು. ಸಹಿಯೋ 385 ಬೋಹ್ರಾ ಹೆಂಗಸರ ನಡುವೆ ನಡೆಸಿ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇಕಡ 80ರಷ್ಟು ಮಂದಿ ತಾವು ಖತ್ನಾಕ್ಕೆ ಒಳಗಾದವರೆಂದು ತಿಳಿಸಿದರು. ಅದೇ ವರ್ಷ ವಕೀಲೆ ಸುನೀತಾ ತಿವಾರಿಯವರ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. 2018ರ ಸೆಪ್ಟೆಂಬರಿನಲ್ಲಿ ಅದು ವಿಸ್ತೃತ ಪೀಠಕ್ಕೆ ಒಪ್ಪಿಸಲ್ಪಟ್ಟಿತು. ಪದ್ಧತಿಯನ್ನು ಧಾರ್ಮಿಕ ಸ್ವಾತಂತ್ರ್ಯದ ಹೆಸರಿನಲ್ಲಿ ಸಮರ್ಥಿಸುವ ಬೋಹ್ರಾ ಹೆಂಗಸರ ಸಂಘವೂ ನ್ಯಾಯಾಲಯದ ಮುಂದೆ ಹೋಯಿತು.

ಬೆರಳಿನ ಹರಕೆಗೂ ಖತ್ನಾಕ್ಕೂ ಎರಡು ವ್ಯತ್ಯಾಸಗಳಿವೆ. ಬೆರಳನ್ನು ಕೊಟ್ಟವಳು ಬೆಳೆದ ಹೆಂಗಸು. ಇಲ್ಲಿ ನೋವು ತಿನ್ನುವವಳು ಏಳು ವರ್ಷದ ಮಗು. ಕತ್ತರಿಸಿದ ಬೆರಳು ಎಲ್ಲರ ಕಣ್ಣಿಗೂ ಕಾಣುತ್ತದೆ, ರೆಸಿಡೆಂಟನೂ ಪಾದ್ರಿಯೂ ಅದನ್ನು ಕಂಡು ಬರೆಯಬಲ್ಲರು. ಈ ಗಾಯವಾದರೋ ಅದನ್ನು ಹೊತ್ತವಳು ಬಾಯಿ ತೆರೆಯದಿದ್ದರೆ ಇಲ್ಲವೇ ಇಲ್ಲ. ಆದ್ದರಿಂದ ಈ ಹೆಂಗಸರ ಸಾಕ್ಷಿಯೇ ಈ ಹೋರಾಟದ ಆರಂಭವೂ ಬಲವೂ ಆಗಿದೆ. ಹೀಗೆ ಮಾತನಾಡಿದವರು ಎರಡು ಕಡೆಯ ಒತ್ತಡದಲ್ಲಿ ಸಿಕ್ಕಿಕೊಂಡಿದ್ದಾರೆ. ಒಳಗಿನವರು ಅವರನ್ನು ಸಮುದಾಯದ ಮಾನ ಕಳೆದವರೆನ್ನುತ್ತಾರೆ. ಹೊರಗಿನ ಕೆಲವರು ಅವರ ಮಾತನ್ನು ಕಸಿದುಕೊಂಡು ಅಲ್ಪಸಂಖ್ಯಾತರ ಮೇಲೆ ಬೀಸುವ ಕೋಲನ್ನಾಗಿ ಮಾಡಿಕೊಳ್ಳುತ್ತಾರೆ. 1929ರ ಕಿಕುಯು ಹೆಂಗಸರು ನಿಂತಿದ್ದೂ ಇಂಥದೇ ಇಕ್ಕಟ್ಟಿನಲ್ಲಿ.

7. ಸಭೆಯ ಮುಂದಿರುವ ಕಾರ್ಯ

ಕ್ರೈಸ್ತ ಸಭೆ ತೆಗೆದುಕೊಂಡ ಮೊದಲ ಮಹಾತೀರ್ಮಾನವೇ ದೇಹಛೇದನಕ್ಕೆ ಸಂಬಂಧಿಸಿದ್ದೆಂಬುದನ್ನು ನಾವು ಮರೆಯುತ್ತೇವೆ. ಅಪೊಸ್ತಲರ ಕೃತ್ಯಗಳ ಹದಿನೈದನೆಯ ಅಧ್ಯಾಯದಲ್ಲಿ ಯೆರೂಸಲೇಮಿನಲ್ಲಿ ಕೂಡಿದವರ ಮುಂದಿದ್ದ ಪ್ರಶ್ನೆ, ಸುನ್ನತಿಯಿಲ್ಲದೆ ಒಬ್ಬನು ದೇವಜನರಲ್ಲಿ ಸೇರಬಹುದೇ ಎಂಬುದು. ಸೇರಬಹುದೆಂದು ಸಭೆ ಹೇಳಿತು. ಆದರೆ ಹಾಗೆ ಹೇಳುವ ಮುನ್ನ ಬಹಳ ವಾದ ನಡೆಯಿತು, ಅನ್ಯಜನರ ನಡುವೆ ದುಡಿದವರ ಸಾಕ್ಷಿಯನ್ನು ಎಲ್ಲರೂ ಮೌನವಾಗಿ ಕೇಳಿದರು. ಮುಂದಿನ ಅಧ್ಯಾಯದಲ್ಲಿಯೇ ಪೌಲನು ಅಲ್ಲಿದ್ದ ಯೆಹೂದ್ಯರ ನಿಮಿತ್ತ ತಿಮೊಥೆಯನಿಗೆ ಸುನ್ನತಿ ಮಾಡಿಸಿದನೆಂದು ಓದುತ್ತೇವೆ. ಅಂದರೆ ತತ್ವವನ್ನು ಸ್ಥಾಪಿಸಿದವನಿಗೂ ಸಮುದಾಯದ ನಡುವೆ ನಡೆಯುವುದು ಸುಲಭವಾಗಿರಲಿಲ್ಲ. ಆ ಮಾತುಕತೆಯಲ್ಲಿ ಹೆಂಗಸರ ದೇಹದ ಪ್ರಸ್ತಾಪವಿರಲಿಲ್ಲ. ಆದರೆ ಕತ್ತಿಯಿಲ್ಲದೆಯೂ ಸಂಬಂಧವುಂಟೆಂಬ ಅದರ ತೀರ್ಪು ಅವರಿಗೂ ಅನ್ವಯಿಸುತ್ತದೆ.

ಹಳೆಯ ಒಡಂಬಡಿಕೆ ಎರಡು ಹರಕೆಗಳನ್ನು ನಮ್ಮ ಮುಂದಿಡುತ್ತದೆ. ಮೊರೀಯ ಬೆಟ್ಟದಲ್ಲಿ ಅಬ್ರಹಾಮನ ಕೈ ಎತ್ತಿದ್ದಾಗ ತಡೆಯುವ ಧ್ವನಿ ಕೇಳಿಸಿತು, ಬದಲಿಗೆ ಟಗರು ಕಾಣಿಸಿತು. ಆರಾಧನೆ ಪೂರ್ಣವಾಯಿತು, ಮಗನೂ ತಂದೆಯೊಡನೆ ಮನೆಗೆ ಮರಳಿದನು. ಯೆಫ್ತಾಹನ ಮಗಳಿಗೆ ಅಂಥ ಧ್ವನಿ ಕೇಳಿಸಲಿಲ್ಲ. ತಂದೆಯ ಬಾಯಿಂದ ಬಂದ ಮಾತಿಗೆ ಮಗಳ ದೇಹ ಬೆಲೆಯಾಯಿತು. ಅವಳನ್ನು ನೆನೆದು ದುಃಖಿಸಿದವರು ಇಸ್ರಾಯೇಲಿನ ಹುಡುಗಿಯರು. ಸಭೆಯ ಕಾರ್ಯ ಯೆಫ್ತಾಹನ ಮನೆಯ ಬಾಗಿಲಲ್ಲಿ ಮೊರೀಯದ ಧ್ವನಿಯನ್ನು ಕೇಳಿಸುವುದು. ಆದರೆ ಆ ಧ್ವನಿ ಬೆದರಿಕೆಯಾಗಿ ಬರಲಿಲ್ಲ, ಹೆಸರು ಹಿಡಿದು ಕರೆಯಿತು ಎಂಬುದನ್ನೂ ನೆನಪಿಡಬೇಕು.

ಇದರಿಂದ ನಮ್ಮ ಸೇವೆಗೆ ಹೊರಡುವ ಮಾತುಗಳು ಮೂರು. ಒಂದನೆಯದು, ನೆರೆಯವರ ಪದ್ಧತಿಯನ್ನು ಪ್ರಸಂಗಪೀಠದಿಂದ ದೂಷಣೆಯ ವಸ್ತುವನ್ನಾಗಿ ಮಾಡಬಾರದು. ಅದು ಹುಡುಗಿಯರನ್ನು ಉಳಿಸುವುದಿಲ್ಲ. ಅವರ ಪಕ್ಷದಲ್ಲಿ ನಿಂತ ತಾಯಂದಿರ ಬಾಯನ್ನು ಮುಚ್ಚಿಸುತ್ತದೆ. ಎರಡನೆಯದು, ಪೂರ್ವ ಬೆಂಗಳೂರಿನ ಸಭೆಗಳಿಗೆ ಇಂದು ಆಫ್ರಿಕಾದ ವಿದ್ಯಾರ್ಥಿಗಳೂ ಆರಾಧನೆಗೆ ಬರುತ್ತಾರೆ. ನಮ್ಮ ಆಸ್ಪತ್ರೆಗಳ ಹೆರಿಗೆ ಕೋಣೆಗಳಿಗೆ ಎಲ್ಲ ಸಮುದಾಯದ ಹೆಂಗಸರೂ ಬರುತ್ತಾರೆ. ಅವರಲ್ಲಿ ಒಬ್ಬಳು ತನ್ನ ಗಾಯವನ್ನು ಹೇಳಿಕೊಳ್ಳಲು ಬಯಸಿದರೆ, ಬೆರಗಾಗದೆ, ಅಸಹ್ಯಪಡದೆ, ಗುಟ್ಟನ್ನು ಕಾಪಾಡಿ ಆಲಿಸಬಲ್ಲ ಹೆಂಗಸರು ಪ್ರತಿಯೊಂದು ಸಭೆಯಲ್ಲಿಯೂ ತರಬೇತಿ ಪಡೆದಿರಬೇಕು. ಅಪಾಯದಲ್ಲಿರುವ ಮಗುವಿನ ಸಂಗತಿ ತಿಳಿದರೆ ಗುಟ್ಟಿಗಿಂತ ಮಗುವಿನ ರಕ್ಷಣೆ ದೊಡ್ಡದೆಂಬ ತಿಳಿವಳಿಕೆಯೂ ಅವರಿಗಿರಬೇಕು. ಮೂರನೆಯದು, ನಮ್ಮೊಳಗೇ ಹೆಣ್ಣಿನ ದೇಹದಿಂದ ಮನೆತನದ ಮಾನವನ್ನು ವಸೂಲುಮಾಡುವ ಪದ್ಧತಿಗಳನ್ನು ಪರೀಕ್ಷಿಸಿಕೊಳ್ಳಬೇಕು. ವರದಕ್ಷಿಣೆಯಿಂದ ಹಿಡಿದು, ಹೊಡೆತ ತಿಂದವಳಿಗೆ ಸಹಿಸಿಕೋ ಎಂದು ಹೇಳುವ ಸಭಾಪಾಲಕರ ಬುದ್ಧಿಮಾತಿನವರೆಗೆ ಆ ಪಟ್ಟಿ ಉದ್ದವಾಗಿದೆ. ತನ್ನ ಮನೆಯ ಉಳಿಯನ್ನು ಕೆಳಗಿಡದವನ ಮಾತಿಗೆ ನೆರೆಮನೆಯಲ್ಲಿ ಬೆಲೆಯಿರದು.

ಕೋಲಾರದ ದಾರಿಯಲ್ಲಿ ಬೆಳ್ಳಿಯ ಕವಚ ತೊಟ್ಟ ಬೆರಳಿನೊಡನೆ ಹರಕೆಗೆ ಮೊದಲು ಹೊರಟ ತಾಯಿ ಯಾರೆಂಬುದನ್ನು ಯಾವ ಗೆಜೆಟಿಯರೂ ಬರೆದಿಲ್ಲ. ಬೈಗುಳಕ್ಕೂ ಭಯಕ್ಕೂ ಸಿದ್ಧಳಾಗಿಯೇ ಅವಳು ಹೋಗಿರಬೇಕು. ಹಿಂದಿರುಗಿದಾಗ ಅವಳ ಕೈಯಲ್ಲಿ ಐದು ಬೆರಳುಗಳಿದ್ದವು, ಮಗಳ ಕಿವಿಯಲ್ಲಿ ಓಲೆಯಿತ್ತು, ಊರು ಅವಳನ್ನು ಹೊರಗಿಡಲಿಲ್ಲ. ಇಂದು ಅಂಥ ಹೆಜ್ಜೆ ಇಡುತ್ತಿರುವ ಹೆಂಗಸರ ಹಿಂದೆ, ಅವರು ಕರೆದಾಗ ಕೇಳಿಸುವಷ್ಟು ಹತ್ತಿರದಲ್ಲಿ, ಸಭೆ ನಡೆಯಬೇಕಾಗಿದೆ.